ಕೈಲಾಂಚದಲ್ಲಿ ನಿಂತ ಕಣ್ಣಿನ ಗಾಡಿ

ಬಾಲರಾಜು ಓಡಿಸುತ್ತಿದ್ದ ಗಾಡಿಗೆ ಕಾಗದಪತ್ರದಲ್ಲಿ ‘ಸಂಚಾರಿ ನೇತ್ರ ತಪಾಸಣಾ ವಾಹನ’ ಎಂಬ ಉದ್ದದ ಹೆಸರಿತ್ತು. ಜನ ಮಾತ್ರ ಅದನ್ನು ಕಣ್ಣಿನ ಗಾಡಿ ಎಂದೇ ಕರೆಯುತ್ತಿದ್ದರು. ಮೊದಲು ಅದು ಪ್ರವಾಸ ಹೋಗುವವರಿಗೆ ಬಾಡಿಗೆಗೆ ಕೊಡುತ್ತಿದ್ದ ಕ್ಯಾರವಾನ್. ಒಳಗೆ ಮಂಚ, ಸಣ್ಣ ಅಡುಗೆಕಟ್ಟೆ, ಕೈತೊಳೆಯುವ ಬೇಸಿನ್ನು, ಏಸಿ ಎಲ್ಲವೂ ಇದ್ದ, ಚಕ್ರದ ಮೇಲಿನ ಒಂದು ಪುಟ್ಟ ಮನೆ. ರಾಮನಗರದ ಒಂದು ಟ್ರಸ್ಟಿನವರು ಅದನ್ನು ಕೊಂಡುಕೊಂಡು, ಮಂಚ ಕಿತ್ತು, ಆ ಜಾಗದಲ್ಲಿ ಕಣ್ಣು ನೋಡುವ ಯಂತ್ರಗಳನ್ನು ಕೂರಿಸಿದ್ದರು. ಅಡುಗೆಕಟ್ಟೆಯ ಮೇಲೆ ಈಗ ಕನ್ನಡಕದ ಫ್ರೇಮುಗಳ ಪೆಟ್ಟಿಗೆ. ಸೋಮವಾರ ಸೋಲೂರು, ಮಂಗಳವಾರ ಕೈಲಾಂಚ, ಬುಧವಾರ ಕನಕಪುರದ ಕಡೆ, ಗುರುವಾರ ಚನ್ನಪಟ್ಟಣದ ಕಡೆ, ಹೀಗೆ ವಾರವಿಡೀ ಅದಕ್ಕೆ ತಿರುಗಾಟ.

ಯಂತ್ರಗಳಿಗೆಲ್ಲ ಕರೆಂಟು ಬೇಕು. ಅದಕ್ಕಾಗಿ ಗಾಡಿಯ ಎಡಮಗ್ಗುಲಲ್ಲಿ, ನೆಲಗಟ್ಟಿನ ಕೆಳಗೆ, ಕಬ್ಬಿಣದ ಪೆಟ್ಟಿಗೆಯೊಳಗೆ ಒಂದು ಪೆಟ್ರೋಲ್ ಜನರೇಟರ್ ಇತ್ತು. ಗಾಡಿ ಓಡುವುದು ಡೀಸೆಲ್ಲಿನಲ್ಲಿ. ಜನರೇಟರಿಗೆ ಮಾತ್ರ ಹಿಂದಿನ ಚಕ್ರದ ಆಚೆ, ತಗ್ಗಿನಲ್ಲಿ, ಬೇರೆಯೇ ಒಂದು ಪುಟ್ಟ ಟ್ಯಾಂಕು. ಅಲ್ಲಿಂದ ಒಂದಾಳುದ್ದದ ರಬ್ಬರ್ ಪೈಪು ಗಾಡಿಯ ಅಡಿಯಲ್ಲೇ ಹಾದು ಜನರೇಟರಿಗೆ ಬರುತ್ತಿತ್ತು.

ಯುಗಾದಿ ಕಳೆದ ಮೇಲೆ ಈ ಜನರೇಟರ್ ರಚ್ಚೆ ಹಿಡಿಯತೊಡಗಿತು. ಬೆಳಿಗ್ಗೆ ಸ್ವಿಚ್ ಒತ್ತಿದರೆ ಕರಕರ ತಿರುಗುವುದು, ಆದರೆ ಹತ್ತಿಕೊಳ್ಳದು. ಹದಿನೈದು ಇಪ್ಪತ್ತು ಸಲ ಒತ್ತಿ, ನಡುನಡುವೆ ಬಿಟ್ಟು, ಮತ್ತೆ ಒತ್ತಿ, ಇನ್ನೇನು ಬ್ಯಾಟರಿ ಸೋತಿತು ಎನ್ನುವಾಗ ಒಮ್ಮೆ ಕೆಮ್ಮಿ ಹತ್ತಿಕೊಳ್ಳುವುದು. ಹತ್ತಿಕೊಂಡ ಮೇಲೆ ದೊಡ್ಡ ತಕರಾರಿಲ್ಲ. ಏಸಿ ಹಾಕಿದಾಗ ಎಲ್ಲೋ ಒಮ್ಮೊಮ್ಮೆ ಮುಗ್ಗರಿಸುತ್ತಿತ್ತು, ಅಷ್ಟೆ. ಮಧ್ಯಾಹ್ನ ಊಟಕ್ಕೆ ಆರಿಸಿ ಮತ್ತೆ ಒತ್ತಿದರೆ ಮೊದಲ ಸಲಕ್ಕೇ ಗುರ್ ಎನ್ನುವುದು. ಮಾರನೆಯ ಬೆಳಿಗ್ಗೆ ಮತ್ತೆ ಅದೇ ಗೋಳು.

ಗಾಡಿಯನ್ನೂ ಜನರೇಟರನ್ನೂ ನೋಡಿಕೊಳ್ಳುತ್ತಿದ್ದವನು ಚನ್ನಪಟ್ಟಣದ ಗ್ಯಾರೇಜಿನ ಅತೀಕ್. ಮೂರು ವರ್ಷದಿಂದ ಅವನದೇ ಕೈ. ಏಪ್ರಿಲ್ಲಿನಲ್ಲಿ ಅವನು ಕಾರ್ಬೊರೇಟರ್ ಬಿಚ್ಚಿ, ತೊಳೆದು, ಮತ್ತೆ ಕೂರಿಸಿದ. ಎರಡು ದಿನ ವಾಸಿ ಎನ್ನುವ ಹಾಗಿತ್ತು, ಮೂರನೆಯ ದಿನ ಹಳೆಯ ಚಾಳಿಯೇ. ಟ್ರಸ್ಟಿನ ಮ್ಯಾನೇಜರ್ ದೇವರಾಜ್ ಕೇಳಿದಾಗ ಬಾಲರಾಜು, “ಅತೀಕ್ ಬಿಚ್ಚಿ ಹಾಕಿದ್ಮ್ಯಾಲೆ ಹಿಂಗಾಗೈತೆ ಸಾರ್” ಎಂದುಬಿಟ್ಟ. ಅದಕ್ಕೆ ಮುಂಚೆಯೇ ಕಾಟ ಶುರುವಾಗಿದ್ದು ಆ ಗಳಿಗೆಯಲ್ಲಿ ಅವನ ಬಾಯಿಗೆ ಬರಲಿಲ್ಲ. ದಿನಾ ಬೆಳಿಗ್ಗೆ ಜನರ ಎದುರು ಸ್ವಿಚ್ ಒತ್ತಿ ಒತ್ತಿ ಅವಮಾನವಾಗಿದ್ದವನಿಗೆ ಬೈಯಲು ಯಾರಾದರೂ ಒಬ್ಬರು ಬೇಕಾಗಿತ್ತು. ಹೇಳಿದ ಮೇಲೆ ತಾನೂ ಅದನ್ನೇ ನಂಬಿಕೊಂಡ.

ದೇವರಾಜ್ ಅತೀಕನನ್ನು ಬಿಡಿಸಿ ಬೆಂಗಳೂರಿನಿಂದ ಬೇರೆಯವರನ್ನು ಕರೆಸಿದರು. ಅವರು ಪ್ಲಗ್ ಬದಲಾಯಿಸಿದರು, ಬ್ಯಾಟರಿ ಬದಲಾಯಿಸಿದರು, ಕೊನೆಗೆ ಇಡೀ ಕಾರ್ಬೊರೇಟರನ್ನೇ ಹೊಸದು ಹಾಕಿದರು. ಜನರೇಟರ್ ಮಾತ್ರ ಜಗ್ಗಲಿಲ್ಲ. “ಇನ್ನು ಈ ಡಬ್ಬ ನಂಬ್ಕೊಂಡು ಹಳ್ಳಿಗಳಿಗೆ ಹೋಗೋದು ಬೇಡ ರೀ. ಈ ತಿಂಗಳು ನೋಡ್ತೀನಿ. ಸರಿ ಹೋಗಲಿಲ್ಲ ಅಂದ್ರೆ ಕೈಲಾಂಚ, ಸೋಲೂರು ಎಲ್ಲ ಬಿಟ್ಟು ಟೌನ್‌ನಲ್ಲೇ ಕ್ಯಾಂಪ್ ಮಾಡೋಣ” ಎಂದರು ದೇವರಾಜ್. ಬಾಲರಾಜು ಸೋಲೂರಿನವನು. ಸೋಲೂರು ಬಿಡುವ ಮಾತು ಅವನಿಗೆ ಚುಚ್ಚಿತು.

ಆ ತಿಂಗಳಲ್ಲೇ ಒಂದು ಸೋಮವಾರ ಸರ್ಕಾರಿ ರಜೆ ಬಂತು. ಗಾಡಿ ಎರಡು ದಿನ ಶೆಡ್ಡಿನಲ್ಲೇ ನಿಂತು ಮಂಗಳವಾರ ಬೆಳಿಗ್ಗೆ ಕೈಲಾಂಚಕ್ಕೆ ಬಂತು. ಪಂಚಾಯಿತಿ ಕಟ್ಟಡದ ಮುಂದೆ ಆಗಲೇ ನಲವತ್ತು ಐವತ್ತು ಜನ. ಲೈನ್ ರಿಪೇರಿ ಎಂದು ಅವತ್ತು ಊರಿಗೆ ಕರೆಂಟೂ ಇರಲಿಲ್ಲ. ಬಾಲರಾಜು ಸ್ವಿಚ್ ಒತ್ತಿದ. ಕರಕರ. ಬಿಟ್ಟ. ಮತ್ತೆ ಒತ್ತಿದ. ಇಪ್ಪತ್ತು ದಾಟಿತು, ಮೂವತ್ತು ದಾಟಿತು. ಕರಕರ ಎನ್ನುತ್ತಿದ್ದದ್ದು ಕ್ರೂ... ಕ್ರೂ... ಎಂದು ಎಳೆಯತೊಡಗಿ, ಕೊನೆಗೆ ಟಕ್ ಎಂದು ಸುಮ್ಮನಾಯಿತು. ಬ್ಯಾಟರಿ ಖಾಲಿ.

ಸಾಲಿನ ಮೊದಲಲ್ಲೇ ಕಲ್ಲುಬೆಂಚಿನ ಮೇಲೆ ಕೂತಿದ್ದವರು ಚೆಲುವಯ್ಯ ಎಂಬ ಹಿರಿಯರು. ಬೀಡಿ ಸೇದುತ್ತಾ ಎಲ್ಲವನ್ನೂ ನೋಡುತ್ತಿದ್ದರು.

“ಏನಪ್ಪಾ, ಇವತ್ತು ಆಯ್ತದಾ ಇಲ್ವಾ? ಮನೇಲಿ ರೇಷ್ಮೆ ಹುಳ ಹಣ್ಣಾಗವೆ. ಯಾವುದು ಹಣ್ಣು ಯಾವುದು ಕಾಯಿ ಒಂದೂ ಗೊತ್ತಾಗಾಕಿಲ್ಲ ನಂಗೆ. ನಿನ್ನೆ ಕಾಯಿ ಹುಳನೆಲ್ಲ ಆಯ್ದು ಗೂಡು ಕಟ್ಟೋ ಬಿದಿರು ಚಂದ್ರಿಕೆಗೆ ಬುಟ್ಟು ಮನೆಯೋರ ತಾವ ಉಗಿಸ್ಕಂಡೆ. ಒಂದು ಕನ್ನಡಕ ಕೊಟ್ಟು ಕಳುಸ್ಬುಡಿ” ಎಂದರು.

ಕಣ್ಣು ಪರೀಕ್ಷೆ ಮಾಡುವ ಅಮೂಲ್ಯ ಬಾಗಿಲಲ್ಲಿ ನಿಂತಿದ್ದಳು. ಮಾಗಡಿಯವಳು, ಹೆಚ್ಚು ಮಾತಿಲ್ಲದ ಹುಡುಗಿ. “ಬಾಲರಾಜಣ್ಣ, ಇಲ್ಲಿ ಯಾರ ಹತ್ರಾದ್ರೂ ಜನರೇಟರ್ ಸಿಗುತ್ತಾ ಕೇಳಿ. ಇಷ್ಟು ಜನಾನ ವಾಪಸ್ ಕಳಿಸೋಕಾಗಲ್ಲ” ಎಂದಳು.

“ಶಾಮಿಯಾನದ ಮುನಿಯಮ್ಮನ ತಾವ ಐತಲ್ಲ” ಎಂದು ಸಾಲಿನಲ್ಲಿದ್ದವರೇ ದಾರಿ ತೋರಿಸಿದರು.

ಮುನಿಯಮ್ಮನ ಮನೆ ಊರಿನ ಆಚೆ ತುದಿಯಲ್ಲಿತ್ತು. ಅಂಗಳದ ತುಂಬ ಶಾಮಿಯಾನದ ಬಟ್ಟೆ ಒಣಗುತ್ತಿತ್ತು. ಅವರ ಗಂಡ ರಾಮಲಿಂಗಯ್ಯ ಕೂತು ಹರಿದ ಅಂಚಿಗೆ ದಬ್ಬಳದಲ್ಲಿ ಹೊಲಿಗೆ ಹಾಕುತ್ತಿದ್ದರು. ಮದುವೆ, ಬೀಗರ ಊಟ, ತಿಥಿಗಳಿಗೆ ಶಾಮಿಯಾನ, ಪಾತ್ರೆ, ಲೈಟು, ಜನರೇಟರು ಬಾಡಿಗೆಗೆ ಕೊಡುವ ಮನೆ ಅದು. ಬಟ್ಟೆ, ಬಿದಿರ ಗಳು ರಾಮಲಿಂಗಯ್ಯನವರ ಪಾಲು. ಒಮ್ಮೆ ಕರೆಂಟು ಹೊಡೆಸಿಕೊಂಡ ಮೇಲೆ ಅವರು ಯಂತ್ರದ ಹತ್ತಿರ ಸುಳಿಯುತ್ತಿರಲಿಲ್ಲ. ಹಾಗಾಗಿ ಇಪ್ಪತ್ತು ವರ್ಷದಿಂದ ಜನರೇಟರುಗಳೆಲ್ಲ ಮುನಿಯಮ್ಮನ ಪಾಲು.

“ಮೂರೂ ಕನಕಪುರದ ಕಡೆ ಮದುವೆಗೆ ಹೋಗವೆ ಕಣಪ್ಪ. ನಾಳೆ ಬತ್ತವೆ” ಎಂದರು ಮುನಿಯಮ್ಮ. ಐವತ್ತೆಂಟರ ಆಸುಪಾಸಿನ, ಗಟ್ಟಿ ತೋಳಿನ ಹೆಂಗಸು. ಬಾಲರಾಜು ಅಲ್ಲೇ ನಿಂತಿದ್ದ. ಹೊರಡಲು ಕಾಲು ಬರಲಿಲ್ಲ.

“ಏನಾಗೈತೆ ನಿಮ್ದುಕ್ಕೆ?”

“ಸ್ಟಾರ್ಟೇ ಆಗಾಕಿಲ್ಲ ಅಕ್ಕ.”

“ಯಾವಾಗ್ಲೂ ಆಗಾಕಿಲ್ವೋ, ಬೆಳಿಗ್ಗೆ ಮಾತ್ರವೋ?”

“ಬೆಳಿಗ್ಗೆ. ಒಂದ್ಸತಿ ಹತ್ಕಂಡ್ರೆ ಆಮ್ಯಾಲೆ ಕಾಟ ಇಲ್ಲ.”

“ಒಂದಿನ ರಜೆ ಮಾಡಿ ನಿಲ್ಸಿದ್ರೆ?”

ಬಾಲರಾಜು ಯೋಚಿಸಿದ. ಇದನ್ನು ಯಾರೂ ಅವನನ್ನು ಕೇಳಿರಲಿಲ್ಲ. “ಇನ್ನೂ ಜಾಸ್ತಿ. ಸೋಮವಾರ ಬಂತು ಅಂದ್ರೆ ನಂಗೆ ಎದೆ ಡವಡವ ಅಂತದೆ. ಇವತ್ತು ಎರಡು ದಿನ ನಿಂತಿತ್ತು, ಬ್ಯಾಟ್ರಿನೇ ಹೋಯ್ತು.”

ಮುನಿಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. “ತಡೀರಿ, ಬತ್ತೀನಿ. ಬಾಡಿಗೆಗೆ ಕೊಡಾಕಂತೂ ಇಲ್ಲ. ಒಸಿ ನೋಡುಮಾ ಏನೈತೆ ಅಂತ.” ಮೊಪೆಡ್ಡಿನ ಮುಂದೆ ಒಂದು ಚೀಲ ಇಟ್ಟುಕೊಂಡು ಅವನ ಹಿಂದೆಯೇ ಹೊರಟರು.

ಪಂಚಾಯಿತಿ ಮುಂದೆ ಬಂದು ಅವರು ಮಾಡಿದ ಮೊದಲ ಕೆಲಸ ಚೆಲುವಯ್ಯನವರ ಬೀಡಿ ಆರಿಸಿದ್ದು. “ಮಾವ, ಪೆಟ್ರೋಲ್ ಬಿಚ್ತೀನಿ ಈಗ. ಅದನ್ನ ಅತ್ಲಾಗೆ ಎಸೆದು ಬಂದು ಕೂತ್ಕಳಿ, ಇಲ್ಲಾಂದ್ರೆ ಕನ್ನಡಕ ಹಾಕ್ಕಳಾಕೆ ಮುಖನೇ ಇರಾಕಿಲ್ಲ.” ಸಾಲಿನ ಜನ ನಕ್ಕರು. ಚೆಲುವಯ್ಯ ಎದ್ದು ದೂರ ಹೋಗಿ ಬೀಡಿ ಹೊಸಕಿ ಬಂದರು.

ಪೆಟ್ಟಿಗೆಯ ಬಾಗಿಲು ತೆಗೆದು ಮುನಿಯಮ್ಮ ಮೊದಲು ಆಯಿಲ್ ಕಡ್ಡಿ ಎಳೆದು ನೋಡಿದರು. ಮಟ್ಟ ಸರಿಯಿತ್ತು. ಏರ್ ಫಿಲ್ಟರ್ ತೆಗೆದು ಬಿಸಿಲಿಗೆ ಹಿಡಿದರು. ಅದೂ ಚೊಕ್ಕಟವಾಗಿತ್ತು. ಆಮೇಲೆ ಪ್ಲಗ್ ಬಿಚ್ಚಿ, ಮೂಗಿನ ಹತ್ತಿರ ಹಿಡಿದು ಮೂಸಿದರು.

“ಎಷ್ಟ್ಸತಿ ಒತ್ತಿದ್ರಿ?”

“ಮೂವತ್ತು ನಲವತ್ತು ಸತಿ ಆಗೈತೆ.”

“ಅಷ್ಟು ಒತ್ತಿದ್ರೆ ಇದು ಪೆಟ್ರೋಲಲ್ಲಿ ನೆಂದು ತೊಪ್ಪೆ ಆಗ್ಬೇಕಿತ್ತು. ನೋಡಿ, ಒಣಗಿ ನಿಂತೈತೆ. ವಾಸ್ನೆನೂ ಇಲ್ಲ.”

ಬಾಲರಾಜು ಪ್ಲಗ್ ಮುಟ್ಟಿ ನೋಡಿದ. ನಿಜ. ಗಾಡಿಯ ದೊಡ್ಡ ಬ್ಯಾಟರಿಯಿಂದ ಜಂಪರ್ ವೈರು ಎಳೆದು ಜನರೇಟರಿಗೆ ಕೊಟ್ಟರು. ಪ್ಲಗ್ಗಿನ ರಂಧ್ರದಿಂದ ದೂರದಲ್ಲಿ, ಪ್ಲಗ್ಗನ್ನು ಇಂಜಿನ್ನಿನ ಲೋಹದ ಮೈಗೆ ತಾಗಿಸಿ ಹಿಡಿದು ಇಂಜಿನ್ ತಿರುಗಿಸಿದರೆ ಕಿಡಿ ನೀಲಿಯಾಗಿ, ಚುರುಕಾಗಿ ಹಾರಿತು. “ಕಿಡಿ ಐತೆ. ಗಾಳಿ ಐತೆ. ಪೆಟ್ರೋಲ್ ಬತ್ತಿಲ್ಲ” ಎಂದು ಮುನಿಯಮ್ಮ ಪ್ಲಗ್ ವಾಪಸ್ ಹಾಕಿದರು. ಕಾರ್ಬೊರೇಟರಿನ ಬಾಯಿಗೆ ಒಂದು ಚಮಚದಷ್ಟು ಪೆಟ್ರೋಲ್ ಬಿಟ್ಟು, “ಒತ್ತಿ” ಎಂದರು. ಒತ್ತಿದ್ದೇ ತಡ, ಜನರೇಟರ್ ಗುರ್ ಎಂದು ಎದ್ದಿತು. ಸಾಲಿನ ಜನ ಹೋ ಎಂದರು. ಎರಡು ಉಸಿರು ಓಡಿ ಅದು ಮತ್ತೆ ನಿಂತಿತು.

“ಟ್ಯಾಂಕಲ್ಲಿ ಮುಕ್ಕಾಲು ಐತಕ್ಕ, ನಾನೇ ತುಂಬ್ಸಿವ್ನಿ” ಎಂದ ಬಾಲರಾಜು.

“ಟ್ಯಾಂಕಲ್ಲಿದ್ರೆ ಆಯ್ತಾ? ಇಲ್ಲಿಗೆ ಬರಬ್ಯಾಡ್ವಾ?” ಮುನಿಯಮ್ಮ ಅಮೂಲ್ಯಳ ಕಡೆ ತಿರುಗಿದರು. “ಮೇಡಮ್ಮೋರೇ, ಒಂದು ಸಿರಿಂಜ್ ಕೊಡ್ತೀರಾ? ಸೂಜಿ ಬ್ಯಾಡ. ದೊಡ್ಡದಿದ್ರೆ ಚೆಂದ.”

ಅಮೂಲ್ಯ ಕಣ್ಣಿನ ನೀರಿನ ದಾರಿ ತೊಳೆಯಲು ಇಟ್ಟುಕೊಂಡಿದ್ದ ಸಿರಿಂಜ್ ತಂದು ಕೊಟ್ಟಳು. ಮುನಿಯಮ್ಮ ಪೈಪನ್ನು ಜನರೇಟರಿನ ಪಂಪಿನಿಂದ ಬಿಚ್ಚಿ, ಅದರ ಬಾಯಿಗೆ ಸಿರಿಂಜ್ ಸಿಕ್ಕಿಸಿ ನಿಧಾನ ಹಿಂದಕ್ಕೆ ಎಳೆದರು. ಮೊದಲು ಬರೀ ಗಾಳಿ. ಮತ್ತೆ ಮತ್ತೆ ಎಳೆದಾಗ ಪೆಟ್ರೋಲ್ ಬಂತು, ಆದರೆ ಸೋಡಾ ಹಾಗೆ ಗುಳ್ಳೆಗುಳ್ಳೆಯಾಗಿ. ಸಿರಿಂಜನ್ನು ಅವರು ಬಾಲರಾಜುವಿನ ಕಣ್ಣೆದುರು ಹಿಡಿದರು.

“ಕಂಡ್ರಾ? ಎಲ್ಲೋ ಗಾಳಿ ಎಳ್ಕತಾ ಐತೆ. ಟ್ಯಾಂಕು ಕೆಳಗೈತೆ, ಜನರೇಟರ್ ಮ್ಯಾಲೈತೆ. ನೀವು ಆರಿಸಿ ಮಲಿಕ್ಕಂಡ್ರೆ ಪೈಪಲ್ಲಿರೋ ಪೆಟ್ರೋಲೆಲ್ಲ ಸದ್ದಿಲ್ದಂಗೆ ಟ್ಯಾಂಕಿಗೆ ವಾಪಸ್ ಇಳಿದು ಹೋಯ್ತದೆ. ಬೆಳಿಗ್ಗೆಗೆ ಪೈಪು ಖಾಲಿ. ಇಂಜಿನ್ ತಿರುಗಿದ್ರೆ ತಾನೆ ಪಂಪು ಎಳೆಯೋದು? ಅಷ್ಟುದ್ದದಿಂದ ಎಳೆದು ತರೋ ಹೊತ್ಗೆ ನಿಮ್ಮ ಬ್ಯಾಟ್ರಿ ಗೋವಿಂದ.”

“ಆದ್ರೆ ಕೆಳಗೆ ಒಂದು ತೊಟ್ಟೂ ಸೋರಾಕಿಲ್ವಲ್ಲಕ್ಕ. ನಾನು ದಿನಾ ನೋಡ್ತೀನಿ.”

“ಸೋರಾಕಿಲ್ಲ. ಸಣ್ಣ ಸೀಳಾದ್ರೆ ಆಚೆ ಬರಾಕಿಲ್ಲ, ಗಾಳಿ ಒಳಗೋಯ್ತದೆ. ಅದ್ಕೇ ಯಾರ ಕಣ್ಣಿಗೂ ಬಿದ್ದಿಲ್ಲ.”

ಐದು ತಿಂಗಳಿಂದ ಯಾರಿಗೂ ಹೊಳೆಯದ ವಿಷಯ ಕಾಲು ಗಂಟೆಯಲ್ಲಿ ಇಷ್ಟು ಸರಳವಾಗಿ ಬಿಚ್ಚಿಕೊಂಡಿದ್ದು ಬಾಲರಾಜುವಿಗೆ ಖುಷಿಯಾಗಬೇಕಿತ್ತು. ಆದರೆ ಪೈಪು ಎಂಬ ಮಾತು ಕೇಳಿದಾಗಿನಿಂದ ಅವನು ಮತ್ತೆ ಮತ್ತೆ ಹಿಂದಿನ ಚಕ್ರದ ಕಡೆಗೇ ನೋಡುತ್ತಿದ್ದ.

ಮುನಿಯಮ್ಮ ಟ್ಯಾಂಕಿನ ಕಡೆಗೆ ಹೋಗಿ ಅಲ್ಲಿಯೇ ಸಿರಿಂಜ್ ಹಾಕಿ ಎಳೆದರು. ಗುಳ್ಳೆಯಿಲ್ಲದ ಚೊಕ್ಕ ಪೆಟ್ರೋಲ್ ತುಂಬಿಕೊಂಡಿತು. “ಟ್ಯಾಂಕಿನದೇನೂ ಇಲ್ಲ. ನಡುವೆ ಐತೆ” ಎಂದು ಗೋಣಿಚೀಲ ಹಾಸಿ, ಗಾಡಿಯಡಿಗೆ ಅರ್ಧ ನುಗ್ಗಿ, ಪೈಪಿನ ಉದ್ದಕ್ಕೂ ಬೆರಳಾಡಿಸುತ್ತಾ ಬಂದರು. ಹಿಂದಿನ ಚಕ್ರದ ಮೇಲೆ, ಕೆಸರು ಮೆತ್ತಿದ್ದ ಒಂದು ಕಡೆ ಅವರ ಕೈ ನಿಂತಿತು. ಕೆಸರು ಕೆರೆದರು. ಕರಿ ರಬ್ಬರ್ ಪೈಪಿನ ನಡುವೆ ಒಂದು ಗೇಣುದ್ದದ ಬೇರೆ ತುಂಡು ಸೇರಿಸಲಾಗಿತ್ತು. ಎರಡೂ ಕಡೆ ಕ್ಲಿಪ್ಪು. ಆ ತುಂಡು ಒಮ್ಮೆ ಹಸಿರಾಗಿದ್ದದ್ದು, ಈಗ ಕಂದು ತಿರುಗಿತ್ತು. ಕ್ಲಿಪ್ಪು ಬಿಚ್ಚಿ ಹೊರಗೆ ತಂದು ಬಗ್ಗಿಸಿದಾಗ ಅದರ ಮೈಮೇಲೆ ಕೂದಲೆಳೆಯಂಥ ಸೀಳುಗಳು ಬಾಯಿ ಬಿಟ್ಟವು.

“ಅಯ್ಯೋ ಶಿವನೆ. ಇದು ಗಿಡಕ್ಕೆ ಔಷಧಿ ಹೊಡೆಯೋ ಕ್ಯಾನಿನ ಪೈಪು. ಪೆಟ್ರೋಲಿಗೆ ಇದು ತಡೆದಾತಾ? ಒಣಗಿ ಹಪ್ಪಳ ಆಗೈತೆ. ಯಾರಪ್ಪ ಇದನ್ನ ಹಾಕ್ದೋರು?”

ಬಾಲರಾಜು ಆ ತುಂಡನ್ನು ನೋಡಿದ ಕೂಡಲೇ ಗುರುತಿಸಿದ್ದ. ಸಂಕ್ರಾಂತಿಗೆ ಮುಂಚೆ, ಕನಕಪುರದ ಕಡೆ ಕ್ಯಾಂಪಿದ್ದ ದಿನ, ಇಲಿ ಪೈಪು ಕಡಿದು ಪೆಟ್ರೋಲ್ ಸೋರತೊಡಗಿತ್ತು. ಸುತ್ತಮುತ್ತ ಗ್ಯಾರೇಜಿರಲಿಲ್ಲ, ಒಂದು ಗೊಬ್ಬರದ ಅಂಗಡಿ ಇತ್ತು. ಅಲ್ಲಿ ಸಿಕ್ಕಿದ ಪೈಪನ್ನು ಕತ್ತರಿಸಿ, ಕಡಿದ ಜಾಗಕ್ಕೆ ಸೇರಿಸಿ, ಸಂಜೆ ಹೋಗಿ ಸರಿಯಾದದ್ದು ಹಾಕಿಸಿದರಾಯಿತು ಎಂದುಕೊಂಡಿದ್ದ. ಸಂಜೆ ತಡವಾಯಿತು. ಮಾರನೆಯ ದಿನ ಬೇರೆ ಊರು. ಜನರೇಟರ್ ಚೆನ್ನಾಗಿಯೇ ಓಡುತ್ತಿತ್ತು. ಆಮೇಲೆ ಅವನು ಅದನ್ನು ಮರೆತ. ಮರೆತೆ ಎಂದರೆ ಪೂರ್ತಿ ಸುಳ್ಳಲ್ಲ. ಆದರೆ ಏಪ್ರಿಲ್ಲಿನಲ್ಲಿ ಅತೀಕ್, “ಅಣ್ಣ, ಗಾಡಿ ಒಂದು ದಿನ ಬಿಟ್ಟು ಹೋಗಿ, ಕೆಳಗಡೆ ಲೈನ್ ಪೂರಾ ನೋಡ್ತೀನಿ” ಎಂದಾಗ, ನಾಳೆ ಕ್ಯಾಂಪಿದೆ, ಆಗುವುದಿಲ್ಲ ಎಂದು ಗಾಡಿ ವಾಪಸ್ ತಂದವನು ಬಾಲರಾಜುವೇ.

ಐವತ್ತು ಜನ ನೋಡುತ್ತಿದ್ದರು. ಅಮೂಲ್ಯಳೂ ನೋಡುತ್ತಿದ್ದಳು.

“ಯಾರೋ ಮೆಕ್ಯಾನಿಕ್ಕು” ಎಂದ ಬಾಲರಾಜು.

ಮುನಿಯಮ್ಮ ಅವನ ಮುಖವನ್ನು ಒಂದು ಕ್ಷಣ ನೋಡಿ ಚೀಲಕ್ಕೆ ಕೈ ಹಾಕಿದರು. ತಮ್ಮ ಜನರೇಟರುಗಳಿಗೆಂದು ಇಟ್ಟುಕೊಂಡಿದ್ದ ಪೆಟ್ರೋಲ್ ಪೈಪಿನ ಸುರುಳಿಯಿಂದ ಒಂದು ತುಂಡು ಕತ್ತರಿಸಿ, ಹೊಸ ಕ್ಲಿಪ್ಪು ಹಾಕಿ ಬಿಗಿದರು. ಮತ್ತೆ ಸಿರಿಂಜ್. ಈ ಸಲ ಒಂದೂ ಗುಳ್ಳೆಯಿಲ್ಲ. ಪೈಪನ್ನು ಪಂಪಿಗೆ ಸೇರಿಸಿ, ಚೆಲ್ಲಿದ್ದ ಪೆಟ್ರೋಲನ್ನು ಬಟ್ಟೆಯಲ್ಲಿ ಒರೆಸಿ, ವಾಸನೆ ಹೋಗುವವರೆಗೆ ಕಾದು, “ಈಗ ಒತ್ತಿ” ಎಂದರು. ಎರಡನೆಯ ಸಲಕ್ಕೆ ಜನರೇಟರ್ ಎದ್ದಿತು. ನಿಲ್ಲಲಿಲ್ಲ. ಏಸಿ ಹಾಕಿದರೂ ಮುಗ್ಗರಿಸಲಿಲ್ಲ.

ಚೆಲುವಯ್ಯ ಎಲ್ಲರಿಗಿಂತ ಮೊದಲು ಒಳಗೆ ಹೋದರು. ಮುನಿಯಮ್ಮ ಕೈತೊಳೆದುಕೊಂಡು ಬಂದು, ಆ ಹಳೆಯ ತುಂಡನ್ನು ಪೇಪರಿನಲ್ಲಿ ಸುತ್ತಿ ಬಾಲರಾಜುವಿನ ಕೈಗಿಟ್ಟರು. ಹತ್ತಿರ ಯಾರೂ ಇರಲಿಲ್ಲ.

“ಅರ್ಜೆಂಟಿಗೆ ನಾವೂ ಹಾಕಿದ್ದೀವಿ ಕಣಪ್ಪ ಇಂಥವೆಲ್ಲ. ಹಾಕಿದ್ದನ್ನ ಸಂಜೆ ತೆಗೆದುಬುಡಬೇಕು. ಇನ್ನೊಂದ್ಸತಿ ಹಿಂಗ್ ಮಾಡಬ್ಯಾಡಿ, ಬೆಂಕಿ ಹತ್ಕಂಡ್ರೆ ಒಳಗೆ ಜನ ಇರ್ತಾರೆ” ಎಂದು ಮೊಪೆಡ್ ಹತ್ತಿದರು. ದುಡ್ಡಿನ ಮಾತೆತ್ತಿದರೆ, “ನಮ್ಮನೆಯೋರಿಗೆ ಕಣ್ಣು ನೋಡಿ, ಸಾಕು. ಸೂಜಿಗೆ ದಾರ ಪೋಣಿಸಾಕೆ ನನ್ನ ಕರೀತಾ ಇರ್ತಾರೆ” ಎಂದು ಹೊರಟೇಹೋದರು.

ಆಯಮ್ಮನಿಗೆ ಗೊತ್ತಾಗಿತ್ತು.

ಅಷ್ಟರಲ್ಲಿ ಅಮೂಲ್ಯ ದೇವರಾಜ್ ಅವರಿಗೆ ಫೋನ್ ಮಾಡಿ ವಿಷಯ ತಿಳಿಸಿದ್ದಳು. ಅವರು ಫೋನನ್ನು ಬಾಲರಾಜುವಿಗೆ ಕೊಡಲು ಹೇಳಿದರು. “ಔಷಧಿ ಕ್ಯಾನಿನ ಪೈಪಂತೆ! ಆ ಅತೀಕ್‌ದೇ ಕೆಲಸ, ಇನ್ಯಾರು ಕೈ ಹಾಕಿದ್ದಾರೆ ಅದಕ್ಕೆ? ಒಂದು ಫೋಟೋ ಕಳಿಸಿ. ಅವನಿಗೇ ಕಳಿಸ್ತೀನಿ. ಆಂಬುಲೆನ್ಸ್ ಇಟ್ಕೊಂಡಿರೋ ನಮ್ಮ ಸ್ನೇಹಿತರು ಇಬ್ಬರು ಇನ್ನೂ ಅವನ ಹತ್ರಾನೇ ಬಿಡ್ತಾರೆ, ಅವರಿಗೂ ಹೇಳ್ತೀನಿ.”

“ಕಳಿಸ್ತೀನಿ ಸಾರ್” ಎಂದ ಬಾಲರಾಜು.

ಪೇಪರ್ ಬಿಚ್ಚಿ, ಕಲ್ಲುಬೆಂಚಿನ ಮೇಲೆ ತುಂಡನ್ನು ಇಟ್ಟು ಫೋಟೋ ತೆಗೆದ. ಕಳಿಸಲಿಲ್ಲ. ಸಾಲು ನೋಡಿಕೊಂಡ, ಟೋಕನ್ ಕೊಟ್ಟ, ಮುದುಕಿಯರನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿದ. ಫೋನು ಜೇಬಿನಲ್ಲಿ ಕಲ್ಲಿನ ಹಾಗೆ ತೂಗುತ್ತಿತ್ತು. ಅತೀಕ್ ಕೆಟ್ಟ ಕೆಲಸಗಾರನಲ್ಲ. ಒಂದು ಮೊಳೆ ಕಡಿಮೆ ಹಾಕಿದ್ದರೂ ಕರೆದು ತೋರಿಸುವವನು. ಈ ಫೋಟೋ ಹೋದರೆ ಅವನು ಏನೆಂದರೂ ಯಾರೂ ಕೇಳುವುದಿಲ್ಲ. ಫೋಟೋ ಹೋಗದಿದ್ದರೆ ಸಾರ್ ಸಂಜೆ ಮತ್ತೆ ಕೇಳುತ್ತಾರೆ. ಪೈಪು ಎಲ್ಲೋ ಬಿತ್ತು ಎಂದು ಹೇಳಿಬಿಡಲೇ ಎಂದೂ ಒಮ್ಮೆ ಯೋಚನೆ ಬಂತು. ಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಮೂಲ್ಯ ಡಬ್ಬಿ ಬಿಚ್ಚುತ್ತಾ, “ಫೋಟೋ ಕಳಿಸಿದ್ರಾ ಬಾಲರಾಜಣ್ಣ? ಸರ್ ಮೆಸೇಜ್ ಮಾಡಿದ್ದಾರೆ” ಎಂದಳು.

“ಮೇಡಮ್, ಆ ಪೈಪ್ ಹಾಕಿದ್ದು ನಾನು.”

ಅಮೂಲ್ಯ ಚಮಚ ಕೆಳಗಿಟ್ಟಳು. ಅವನು ಇಲಿ, ಗೊಬ್ಬರದ ಅಂಗಡಿ, ಅತೀಕ್ ಒಂದು ದಿನ ಗಾಡಿ ಕೇಳಿದ್ದು, ಎಲ್ಲ ಹೇಳಿದ. ಹೇಳುವಾಗ ಎದುರಿಗಿದ್ದ ಕಣ್ಣಿನ ಚಾರ್ಟು ನೋಡುತ್ತಿದ್ದ. ಅವಳು ಪೂರ್ತಿ ಕೇಳಿಸಿಕೊಂಡಳು.

“ನನಗೆ ಹೇಳಿ ಏನು ಪ್ರಯೋಜನ? ಸರ್‌ಗೆ ಹೇಳಿ. ಈಗಲೇ ಹೇಳಿ, ಅವರು ಬೇರೆಯವರಿಗೆಲ್ಲ ಫೋನ್ ಮಾಡೋಕೆ ಮುಂಚೆ.”

ಅವನು ಗಾಡಿಯಿಂದ ಇಳಿದು ಪಂಚಾಯಿತಿ ಹಿಂದಿನ ಹೊಂಗೆಮರದ ಕೆಳಗೆ ಹೋಗಿ ಫೋನ್ ಮಾಡಿದ. ದೇವರಾಜ್ ಅವರಿಗೂ ಎಲ್ಲ ಹೇಳಿದ.

“ಅಂದ್ರೆ ಇಷ್ಟು ದಿನ ನಮ್ಮನ್ನ ಆಟ ಆಡಿಸಿದ್ರಿ.”

“ಆಟ ಆಡ್ಸಿಲ್ಲ ಸಾರ್. ಮರ್ತಿದ್ದೆ. ಅತೀಕ್ ಮ್ಯಾಲೆ ಹೇಳಿದ್ದು ಮಾತ್ರ ತೆಪ್ಪು.”

“ಹೊಸ ಕಾರ್ಬೊರೇಟರ್, ಬ್ಯಾಟರಿ... ಏನ್ರೀ ಇದು! ಎಲ್ಲಾನೂ ಬರೆದು ಕೊಡಿ ನಾಳೆ. ಕಮಿಟಿ ಮುಂದೆ ಇಡ್ತೀನಿ, ಅವರು ಏನಂತಾರೋ ನೋಡೋಣ.” ಆಮೇಲೆ ಕೇಳಿದರು. “ಆಂಬುಲೆನ್ಸ್‌ನವರಲ್ಲಿ ಒಬ್ಬರಿಗೆ ನಾನು ಆಗಲೇ ಹೇಳಿಬಿಟ್ಟೆ. ಈಗ ಆ ಅತೀಕ್‌ಗೆ ಯಾರು ಮುಖ ತೋರಿಸ್ತಾರೆ?”

“ನಾನು ಓಯ್ತೀನಿ ಸಾರ್.”

ಅವತ್ತು ಎಪ್ಪತ್ತಕ್ಕೂ ಮೇಲೆ ಜನ ಕಣ್ಣು ತೋರಿಸಿಕೊಂಡರು. ರಾಮಲಿಂಗಯ್ಯನವರೂ ಬಂದಿದ್ದರು, ಜನರೇಟರ್ ಇದ್ದ ಮಗ್ಗುಲು ಬಿಟ್ಟು ಸುತ್ತಿ ಬಳಸಿ ಗಾಡಿ ಹತ್ತಿದರು.

ಗುರುವಾರ ಚನ್ನಪಟ್ಟಣದ ಕಡೆ ಕ್ಯಾಂಪು ಮುಗಿಸಿ, ಅಮೂಲ್ಯಳನ್ನು ಬಸ್ಸಿಗೆ ಬಿಟ್ಟು, ಬಾಲರಾಜು ಗಾಡಿಯನ್ನು ಅತೀಕನ ಗ್ಯಾರೇಜಿನ ಮುಂದೆ ನಿಲ್ಲಿಸಿದ. ಬಿಸಿಲು ಇನ್ನೂ ಇತ್ತು. ಅತೀಕ್ ಒಂದು ಗೂಡ್ಸ್ ಆಟೋದ ಕೆಳಗಿನಿಂದ ಹೊರಬಂದು ಗಾಡಿ ನೋಡಿದ, ಆಮೇಲೆ ಬಾಲರಾಜುವನ್ನು ನೋಡಿದ. ನಮಸ್ಕಾರ ಹೇಳಲಿಲ್ಲ.

“ಸರಿಯಾಯ್ತಂತೆ?”

“ಆಯ್ತು ಅತೀಕ್ ಭಾಯ್. ಪೈಪು.”

“ನಾನು ಹೇಳಿದ್ದೆ, ಕೆಳಗಡೆ ಲೈನ್ ನೋಡ್ಬೇಕು, ಒಂದು ದಿನ ಬಿಡಿ ಅಂತ.”

“ಹೇಳಿದ್ರಿ. ನಾನೇ ಬಿಡಲಿಲ್ಲ. ಆ ಪೈಪ್ ಹಾಕಿದ್ದೂ ನಾನೇ. ಸಾರ್ ಮುಂದೆ ನಿಮ್ಮ ಹೆಸರು ಹೇಳಿದ್ದೂ ನಾನೇ. ಮಂಗಳವಾರ ಅವರಿಗೆ ಎಲ್ಲ ಹೇಳಿವ್ನಿ, ಬರೆದೂ ಕೊಟ್ಟಿವ್ನಿ. ನಿಮಗೆ ಹೇಳಾಕೆ ಬಂದೆ.” ಪೇಪರಿನಿಂದ ತುಂಡು ತೆಗೆದು ಕೊಟ್ಟ.

ಅತೀಕ್ ಅದನ್ನು ತೆಗೆದುಕೊಂಡು ಎರಡೂ ಕೈಯಲ್ಲಿ ಬಗ್ಗಿಸಿದ. ಅದು ಲಟಕ್ಕೆಂದು ಮುರಿಯಿತು. ಎರಡೂ ಚೂರನ್ನು ಕಸದ ಡಬ್ಬಕ್ಕೆ ಹಾಕಿದ.

“ನಿನ್ನೆ ಒಬ್ಬರು ಬಂದ್ರು ಅಣ್ಣ. ಆಂಬುಲೆನ್ಸ್ ಓನರ್. ಸರ್ವಿಸ್‌ಗೆ ಬಿಟ್ಟಿದ್ದ ಗಾಡಿ, ಅರ್ಧ ಕೆಲಸ ಆಗಿತ್ತು, ಟೋ ಮಾಡ್ಕೊಂಡು ಹೋದ್ರು. ಯಾಕೆ ಅಂದ್ರೆ ಹೇಳ್ಲಿಲ್ಲ. ನನ್ನ ಮುಖಾನೂ ನೋಡ್ಲಿಲ್ಲ. ಇಲ್ಲಿ ರಸ್ತೆಯವರೆಲ್ಲ ನಿಂತು ನೋಡ್ತಾ ಇದ್ರು.” ಅವನ ದನಿ ಏರಲಿಲ್ಲ. “ನೀವು ಇಲ್ಲಿ ಬಂದು ನನಗೆ ಹೇಳಿದ್ರಿ, ಸರಿ. ಅವರಿಗೆ?”

“ಅವರ ಹತ್ರನೂ ಓಯ್ತೀನಿ. ನಂಬರ್ ಕೊಡಿ.”

ಅತೀಕ್ ಮತ್ತೆ ಆಟೋದ ಕೆಳಗೆ ಹೋದ. ಬಾಲರಾಜು ಅಲ್ಲೇ ನಿಂತಿದ್ದ. ಕುಡಿಯಲು ಟೀ ಬರಲಿಲ್ಲ, ಕೂರಲು ಸ್ಟೂಲು ಬರಲಿಲ್ಲ. ಹತ್ತು ನಿಮಿಷ ಸ್ಪ್ಯಾನರಿನ ಸದ್ದು ಕೇಳುತ್ತಾ ನಿಂತ. ಇನ್ನು ಹೊರಡುವುದೇ ಸರಿ ಎಂದುಕೊಳ್ಳುವಾಗ ಆಟೋದ ಕೆಳಗಿನಿಂದ ಮಾತು ಬಂತು.

“ಒಂದು ತುಂಡು ಬದಲಾಯಿಸಿದ್ರೆ ಆಗಲ್ಲ. ಮಿಕ್ಕಿದ ಪೈಪೂ ಹಳೇದೇ. ಭಾನುವಾರ ಗಾಡಿ ತನ್ನಿ. ಬಿಟ್ಟು ಹೋಗ್ಬೇಡಿ, ನೀವೂ ಇರಿ. ಏನು ಹಾಕ್ತೀನಿ ಅಂತ ಕಣ್ಣಾರೆ ನೋಡಿ.”

ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಾಲರಾಜು ಹಳೆಯ ಅಂಗಿ ಹಾಕಿಕೊಂಡೇ ಬಂದ. ಇಬ್ಬರೂ ಗಾಡಿಯಡಿ ಮಲಗಿ ಟ್ಯಾಂಕಿನಿಂದ ಪಂಪಿನವರೆಗೆ ಇಡೀ ಪೈಪು ಕಿತ್ತರು. ಮುನಿಯಮ್ಮ ಹಾಕಿದ್ದ ತುಂಡನ್ನು ಅತೀಕ್ ತಿರುಗಿಸಿ ತಿರುಗಿಸಿ ನೋಡಿ, “ಯಾರಿದು, ಕ್ಲಿಪ್ ಚೆನ್ನಾಗಿ ಕೂರಿಸಿದ್ದಾರೆ” ಎಂದ. ಟ್ಯಾಂಕಿನ ಹತ್ತಿರ ಹಳೆಯ ರಬ್ಬರಿನಲ್ಲೂ ಇನ್ನೊಂದು ಸೀಳು ಶುರುವಾಗಿತ್ತು, ಅದನ್ನು ಬಾಲರಾಜುವಿನ ಬೆರಳಿಗೆ ಮುಟ್ಟಿಸಿ ತೋರಿಸಿದ. ಹೊಸ ಪೈಪು ಎಳೆದು, ಎಲ್ಲೂ ಕಬ್ಬಿಣಕ್ಕೆ ಉಜ್ಜದ ಹಾಗೆ ಕಟ್ಟಿ, ಇಲಿ ಬರದಂತೆ ಪೆಟ್ಟಿಗೆಯ ತೂತುಗಳಿಗೆ ಜಾಲರಿ ಬಡಿದರು. ಕೆಲಸದ ಮಾತು ಬಿಟ್ಟು ಬೇರೆ ಮಾತು ಹೆಚ್ಚು ಆಡಲಿಲ್ಲ. ಹನ್ನೊಂದಕ್ಕೆ ಟೀ ಬಂತು, ಎರಡು ಲೋಟ.

ಮೂರು ಗಂಟೆಗೆ ಕೆಲಸ ಮುಗಿಯಿತು. ಅತೀಕ್ ಜನರೇಟರ್ ಆರಿಸಿ, ಎರಡು ಗಂಟೆ ಬಿಟ್ಟು ಮತ್ತೆ ಹಾಕಿ ನೋಡಬೇಕೆಂದ. ಕಾಯುವ ಹೊತ್ತಿನಲ್ಲಿ ಬಾಲರಾಜು ಕೈ ಒರೆಸಿಕೊಂಡು, ಆಂಬುಲೆನ್ಸಿನವರ ನಂಬರನ್ನು ಮತ್ತೆ ಕೇಳಿದ. ಈ ಸಲ ಅತೀಕ್ ಕೊಟ್ಟ. ಫೋನಿನಲ್ಲಿ ಆ ಮನುಷ್ಯ ಮೊದಲು ಅರ್ಥವಾಗದೆ, “ನೀವ್ಯಾರ್ರೀ? ನಿಮಗೇನ್ರೀ ಸಂಬಂಧ?” ಎಂದು ರೇಗಿದ. ಬಾಲರಾಜು ತನ್ನ ಹೆಸರು, ಊರು, ಕೆಲಸ ಹೇಳಿ, ಮತ್ತೆ ಮೊದಲಿನಿಂದ ಶುರು ಮಾಡಿದ. ಅತೀಕ್ ಸ್ಟೂಲೊಂದನ್ನು ಅವನ ಹತ್ತಿರಕ್ಕೆ ತಳ್ಳಿ, ತಾನು ಹೋಗಿ ಗಾಡಿಯ ಪಕ್ಕ ನಿಂತುಕೊಂಡ.